ಬಾಗಿಲು ತಟ್ಟುವ ಇಬ್ಬರು



ಫ್ರಾನ್ಸ್ ದೇಶದ ಪೂರ್ವ ಭಾಗದಲ್ಲಿ ಶಾತಿಯೋಂ ಅಂತ ಒಂದು ಸಣ್ಣ ಊರು. 1617ನೇ ಇಸವಿ, ಆಗಸ್ಟ್ ತಿಂಗಳು, ಭಾನುವಾರ. ಆ ಊರಿನ ಇಗರ್ಜಿಗೆ ಹೊಸದಾಗಿ ಬಂದಿದ್ದ ಪಾದ್ರಿಗಳು ಪೂಜೆಗೆ ಸಿದ್ಧರಾಗುತ್ತಿದ್ದಾಗ ಒಂದು ಸುದ್ದಿ ಬಂತು. ಊರಿನಿಂದ ಸ್ವಲ್ಪ ಆಚೆಗೆ ಒಂದು ಮನೆ. ಆ ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ಒಬ್ಬರಿಗೊಬ್ಬರು ನೀರು ಕೊಡುವುದಕ್ಕೂ ಗತಿಯಿಲ್ಲ. ಪಾದ್ರಿಗಳು ಪ್ರವಚನದ ನಡುವೆ ಆ ಸಂಗತಿಯನ್ನು ಜನರ ಮುಂದಿಟ್ಟರು. ಸಂಜೆಯ ಪ್ರಾರ್ಥನೆ ಮುಗಿಸಿ, ತಾವೂ ನೋಡಿಕೊಂಡು ಬರೋಣ ಎಂದು ಹೊರಟರೆ ದಾರಿಯುದ್ದಕ್ಕೂ ಜನವೋ ಜನ. ಊಟ ಹೊತ್ತು ಹೋಗುತ್ತಿರುವ ಹೆಂಗಸರು, ಕೊಟ್ಟು ವಾಪಸು ಬರುತ್ತಿರುವ ಹೆಂಗಸರು, ಸೆಕೆ ತಡೆಯಲಾರದೆ ದಾರಿ ಬದಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಿರುವ ಹೆಂಗಸರು. ಒಂದು ಮೆರವಣಿಗೆಯೇ ಹೊರಟಿತ್ತು ಅನ್ನಿ.

ಬೇರೆ ಯಾರಾದರೂ ಆಗಿದ್ದರೆ, ನನ್ನ ಪ್ರವಚನಕ್ಕೆ ಎಂಥ ಶಕ್ತಿ ನೋಡಿ ಎಂದು ಮನಸ್ಸಿನಲ್ಲೇ ಹಿಗ್ಗಿ ಸುಮ್ಮನಾಗುತ್ತಿದ್ದರು. ಈ ಪಾದ್ರಿಗಳು ಹಳ್ಳಿಯ ಬಡ ರೈತನ ಮಗ, ಮನೆವಾರ್ತೆ ಬಲ್ಲವರು. ಅವರು ಹಾಕಿದ ಲೆಕ್ಕವೇ ಬೇರೆ. ಇವತ್ತು ಆ ಮನೆಗೆ ಹೋದದ್ದು ಉಂಡು ಮುಗಿಯುವಂಥದ್ದಲ್ಲ, ಅರ್ಧ ಹಳಸಿ ಹೋಗುತ್ತದೆ. ನಾಲ್ಕು ದಿನ ಕಳೆದ ಮೇಲೆ ಅದೇ ಮನೆಯಲ್ಲಿ ಮತ್ತೆ ಉಪವಾಸ. ಜನರಿಗೆ ಕರುಣೆ ಬೇಕಾದಷ್ಟಿದೆ, ಸರದಿ ಇಲ್ಲ. ಮೂರೇ ದಿನಗಳಲ್ಲಿ ಊರಿನ ಹೆಂಗಸರನ್ನು ಸೇರಿಸಿ, ಇಂಥ ದಿನ ಇಂಥವರು ಅಡುಗೆ ಮಾಡಿ ಒಯ್ಯಬೇಕು ಎಂದು ಅವರು ಗೊತ್ತುಮಾಡಿದರು. ಆ ಪಾದ್ರಿಗಳ ಹೆಸರು ವಿನ್ಸೆಂಟ್ ದಿ ಪಾವ್ಲ್. ಆಗ ಅವರಿಗೆ 36 ವರ್ಷ. 1660ರಲ್ಲಿ ತೀರಿಕೊಂಡರು, 1737ರಲ್ಲಿ ಸಂತ ಪದವಿ ಬಂತು.

ಆ ಹೆಂಗಸರಿಗಾಗಿ ಅವರು ಬರೆದುಕೊಟ್ಟ ನಿಯಮಾವಳಿ ಇವತ್ತಿಗೂ ಉಳಿದಿದೆ. ಅದರಲ್ಲಿ ದೇವರ ವಿಚಾರ ಇದೆ, ಅದು ಸಹಜ. ನನಗೆ ಸೋಜಿಗವಾಗುವುದು ಅದರೊಳಗಿನ ಸಣ್ಣ ಸಣ್ಣ ವಿವರ. ರೋಗಿಯ ಮನೆಗೆ ಹೋದಾಗ ನಗುಮುಖದಿಂದ ಮಾತಾಡಿಸಬೇಕು. ಹಾಸಿಗೆಯ ಬಳಿ ಬಟ್ಟೆ ಹಾಸಿ ತಟ್ಟೆ ಇಡಬೇಕು. ಮಾಂಸವನ್ನು ತುಂಡು ಮಾಡಿ ಕೊಡಬೇಕು. ಇನ್ನೊಂದು ಮಾತಿದೆ, ಗಮನವಿಟ್ಟು ಕೇಳಿ: ಮನೆಯಲ್ಲಿ ಜೊತೆಗೆ ಯಾರಾದರೂ ಇರುವ ರೋಗಿಗಳಿಗೆ ಮೊದಲು ಬಡಿಸಿ, ಒಂಟಿಯಾಗಿರುವವರ ಮನೆಗೆ ಕಟ್ಟಕಡೆಗೆ ಹೋಗಬೇಕು. ಯಾಕೆ? ಕೊನೆಯ ಮನೆಯಾದರೆ ಮುಂದೆ ಹೋಗುವ ಅವಸರ ಇರುವುದಿಲ್ಲ, ಅವರ ಹತ್ತಿರ ಹೆಚ್ಚು ಹೊತ್ತು ಕೂರಬಹುದು. ನಾನೂರು ವರ್ಷದ ಹಿಂದೆ ಈ ಸಾಲನ್ನು ಬರೆದ ಕೈ ಎಷ್ಟು ಒಂಟಿ ರೋಗಿಗಳ ಕೈ ಹಿಡಿದಿತ್ತೋ!

ಇವತ್ತು ನಾನು ಹೇಳಹೊರಟಿರುವುದು ಪಾದ್ರಿಗಳ ಕತೆಯನ್ನಲ್ಲ, ಕನ್ಯಾಸ್ತ್ರೀಯರ ಕತೆಯನ್ನೂ ಅಲ್ಲ. ಅವರ ಕೆಲಸ ನಮಗೆ ಗೊತ್ತೇ ಇದೆ. ಮಂಗಳೂರಿನ ಕಡೆಯವರಿಗೆ ಫಾದರ್ ಮುಲ್ಲರ್ ಎಂದರೆ ಸಾಕು. 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿಯಿಂದ ಶುರುವಾದದ್ದು ಇವತ್ತು ಎಷ್ಟು ದೊಡ್ಡ ಆಸ್ಪತ್ರೆಯಾಗಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಹೇಳುವುದು ನಿಲುವಂಗಿ ತೊಡದವರ ವಿಚಾರ. ಸಂಸಾರಸ್ಥರು, ನೌಕರಿಯವರು, ಅಂಗಡಿಯವರು, ಪಿಂಚಣಿದಾರರು, ಗೃಹಿಣಿಯರು. ಕಥೋಲಿಕ ಧರ್ಮಸಭೆಯಲ್ಲಿ ಇವರನ್ನು ಶ್ರೀಸಾಮಾನ್ಯರು ಎನ್ನುತ್ತಾರೆ. ಸಂಬಳವಿಲ್ಲ, ಸಮವಸ್ತ್ರವಿಲ್ಲ, ಆದರೂ ವಾರ ವಾರ ಬಡವರ ಮನೆ ಬಾಗಿಲಿಗೆ ಹೋಗುತ್ತಾರೆ. ಜಗತ್ತಿನಲ್ಲಿ ಇಂಥವರ ಅತಿ ದೊಡ್ಡ ಕೂಟಗಳಲ್ಲೊಂದು ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ. ಸುಮಾರು 150 ದೇಶಗಳಲ್ಲಿ ಅದರ ಘಟಕಗಳಿವೆ. ಹೆಸರು ಸಂತರದ್ದಾದರೂ ಅದನ್ನು ಕಟ್ಟಿದವರು ಕಾಲೇಜು ಹುಡುಗರು, ಅದೂ ಆ ಸಂತರು ತೀರಿಹೋಗಿ ಸುಮಾರು 170 ವರ್ಷ ಕಳೆದ ಮೇಲೆ.

ಈಗ ಪ್ಯಾರಿಸ್ ನಗರಕ್ಕೆ ಬರೋಣ. 1832ರ ಮಾರ್ಚಿನಲ್ಲಿ ಅಲ್ಲಿಗೆ ಕಾಲರಾ ಬಂತು. ಕೆಲವೇ ತಿಂಗಳಲ್ಲಿ 18 ಸಾವಿರಕ್ಕೂ ಹೆಚ್ಚು ಜನ ಸತ್ತರು. ರೋಗಿಗಳನ್ನು ನೋಡಲು ಆಸ್ಪತ್ರೆಗೆ ಹೋಗಿದ್ದ ಪ್ರಧಾನಿ ಕಾಸಿಮಿರ್ ಪೆರಿಯೆ ಕೂಡ ಅದೇ ರೋಗಕ್ಕೆ ತುತ್ತಾದರು. ಯಾರೋ ನೀರಿಗೆ, ಮದ್ಯಕ್ಕೆ ವಿಷ ಬೆರೆಸುತ್ತಿದ್ದಾರೆ ಎಂಬ ಗಾಳಿಸುದ್ದಿ ಹಬ್ಬಿ, ಅನುಮಾನ ಬಂದವರನ್ನು ಬೀದಿಯಲ್ಲೇ ಬಡಿದು ಕೊಂದದ್ದೂ ಉಂಟು. ವಾಟ್ಸ್‌ಆಪ್ ಇರಲಿಲ್ಲ ಎಂಬುದನ್ನು ಬಿಟ್ಟರೆ ನಾವು ಕೊರೊನಾ ಕಾಲದಲ್ಲಿ ಕಂಡದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ.

ಆ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಕಾನೂನು ಓದುತ್ತಿದ್ದ ಒಬ್ಬ ಹುಡುಗ ಫ್ರೆಡ್ರಿಕ್ ಓಝನಾಮ್. ಹುಟ್ಟಿದ್ದು ಇಟಲಿಯ ಮಿಲಾನಿನಲ್ಲಿ, ಬೆಳೆದದ್ದು ಫ್ರಾನ್ಸಿನ ಲಿಯೋಂ ನಗರದಲ್ಲಿ. ಪ್ಯಾರಿಸ್ಸಿನಲ್ಲಿ ಅವನು ಕೆಲಕಾಲ ಉಳಿದುಕೊಂಡದ್ದು ವಿಜ್ಞಾನಿ ಆಂಪಿಯರ್ ಅವರ ಮನೆಯಲ್ಲಿ. ಹೌದು, ನಮ್ಮ ಕರೆಂಟಿನ ಅಳತೆಗೆ ಹೆಸರು ಕೊಟ್ಟ ಆಂಪಿಯರ್ ಅವರೇ. ಹುಡುಗನ ತಂದೆ ವೈದ್ಯರು, ಬಡವರಿಂದ ಕಾಸು ತೆಗೆದುಕೊಳ್ಳದೆ ಮದ್ದು ಮಾಡುತ್ತಿದ್ದವರು. ತಂದೆ ತಾಯಿ ಬಗ್ಗೆ ಒಂದು ಕತೆ ಹೇಳುತ್ತಾರೆ. ವಯಸ್ಸಾಯಿತು, ಇನ್ನು ಮೇಲೆ ನಾಲ್ಕನೇ ಮಹಡಿಗಿಂತ ಮೇಲಿನ ಬಡವರ ಮನೆಗೆ ಹತ್ತುವುದು ಬೇಡ ಎಂದು ಗಂಡ ಹೆಂಡತಿ ಪರಸ್ಪರ ಮಾತು ಕೊಟ್ಟುಕೊಂಡಿದ್ದರಂತೆ. ಆಮೇಲೆ ಇಬ್ಬರೂ ಕದ್ದು ಕದ್ದು ಹತ್ತಿ ಮೇಲಿನ ಮಹಡಿಯಲ್ಲೇ ಸಿಕ್ಕಿಬಿದ್ದರಂತೆ. 1837ರಲ್ಲಿ ಒಬ್ಬ ಬಡ ರೋಗಿಯನ್ನು ನೋಡಲು ಹೋದಾಗ ಮೆಟ್ಟಿಲಿನಿಂದ ಬಿದ್ದು ಆ ವೈದ್ಯರು ತೀರಿಕೊಂಡರು.

ಓಝನಾಮ್ ಮತ್ತು ಗೆಳೆಯರಿಗೆ ಒಂದು ಚರ್ಚಾಕೂಟ ಇತ್ತು. ವಾರ ವಾರ ಸೇರಿ ಇತಿಹಾಸ, ತತ್ವ, ಧರ್ಮ ಅಂತ ವಾದ ಮಾಡುವುದು. ದೇವರನ್ನು ನಂಬದವರೂ, ಸಮಾಜವನ್ನೇ ಹೊಸದಾಗಿ ಕಟ್ಟಬೇಕು ಎನ್ನುವವರೂ ಅಲ್ಲಿಗೆ ಬರುತ್ತಿದ್ದರು. ಒಂದು ದಿನ ಓಝನಾಮ್ ಕ್ರೈಸ್ತಧರ್ಮ ಹಿಂದೆ ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿ ಕೊಡುತ್ತಿದ್ದಾಗ ಎದುರಾಳಿ ಕೇಳಿದನಂತೆ, ಅದೆಲ್ಲ ಹಿಂದಿನದು, ಸರಿ. ಈಗ ನೀವು ಏನು ಮಾಡುತ್ತಿದ್ದೀರಿ ತೋರಿಸಿ ಅಂತ. ವಾದದಲ್ಲಿ ಸೋತವರಿಗೆ ಸಿಟ್ಟು ಬರುವುದು ಲೋಕರೂಢಿ. ಈ ಹುಡುಗರಿಗೆ ಬಂದದ್ದು ನಾಚಿಕೆ. 1833ರ ಏಪ್ರಿಲ್ 23ರಂದು ಇಮ್ಯಾನ್ಯುಯೆಲ್ ಬೈಯಿ ಎಂಬ ಹಿರಿಯ ಪತ್ರಕರ್ತರ ಕಚೇರಿಯಲ್ಲಿ ಕೆಲವೇ ಮಂದಿ ಸೇರಿ, ವಾದ ಸಾಕು, ಬಡವರ ಮನೆಗೆ ಹೋಗೋಣ ಎಂದು ತೀರ್ಮಾನಿಸಿದರು. ಅವತ್ತು ಓಝನಾಮನ ಇಪ್ಪತ್ತನೇ ಹುಟ್ಟುಹಬ್ಬ.

ಹೋಗೋಣ ಎಂದರೆ ಎಲ್ಲಿಗೆ ಹೋಗುವುದು? ಅನುಕೂಲಸ್ಥರ ಮನೆಯ ಹುಡುಗರು, ಬಡವರ ಗುರುತಿಲ್ಲ. ಬಡವರಿಗೂ ಇವರ ಮೇಲೆ ನಂಬಿಕೆ ಯಾಕೆ ಬರಬೇಕು? ಇಲ್ಲಿ ಒಬ್ಬ ಹೆಂಗಸಿನ ಪಾತ್ರ ಬರುತ್ತದೆ. ಮೂಫ್ತಾರ್ ಎಂಬ ಕೇರಿಯಲ್ಲಿ, ಚರ್ಮ ಹದ ಮಾಡುವವರ, ಚಿಂದಿ ಆಯುವವರ ನಡುವೆ ಮೂರು ದಶಕಗಳಿಂದ ಕೆಲಸ ಮಾಡುತ್ತಿದ್ದ ಸಿಸ್ಟರ್ ರೊಸಾಲಿ ರಾಂದ್ಯು. ಯಾವ ಮನೆಯಲ್ಲಿ ಎಷ್ಟು ಮಕ್ಕಳು, ಯಾವ ಗಂಡ ಕುಡುಕ, ಯಾವ ಅಜ್ಜಿಗೆ ಸೌದೆ ಇಲ್ಲ, ಎಲ್ಲ ಅವರ ನಾಲಿಗೆ ತುದಿಯಲ್ಲಿ. ಅವರು ಹುಡುಗರ ಕೈಗೆ ಮನೆಗಳ ವಿಳಾಸ ಕೊಟ್ಟರು, ರೊಟ್ಟಿಗೆ ಮತ್ತು ಸೌದೆಗೆ ಚೀಟಿ ಕೊಟ್ಟರು. ಅದಕ್ಕಿಂತ ಮುಖ್ಯವಾಗಿ, ಹೋದ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಕಲಿಸಿದರು. ಸೈರಣೆ ಇರಲಿ, ಉಪದೇಶ ಬೇಡ, ಬಡವ ಒರಟಾಗಿ ಮಾತಾಡಿದರೆ ಅವನ ಜಾಗದಲ್ಲಿ ನಿಂತು ನೋಡಿ, ಇಷ್ಟೇ ಅವರ ಪಾಠದ ಸಾರ. ಸಭೆಯ ಇತಿಹಾಸ ಹೇಳುವವರು ಹುಡುಗರ ಹೆಸರನ್ನು ಮೊದಲು ಹೇಳುತ್ತಾರೆ. ನನ್ನ ಮಟ್ಟಿಗೆ ಈ ಸಭೆಯ ಗುರು ರೊಸಾಲಿಯೇ. ಅವರಿಗೆ 2003ರಲ್ಲಿ ಪುನೀತ ಪದವಿ, ಅಂದರೆ ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನದು, ಸಿಕ್ಕಿತು. ಓಝನಾಮನಿಗೆ ಅದಕ್ಕೂ ಆರು ವರ್ಷ ಮೊದಲೇ, 1997ರ ಆಗಸ್ಟಿನಲ್ಲಿ, ಪ್ಯಾರಿಸ್ಸಿನ ನೋತ್ರ್ ದಾಮ್ ಮಹಾದೇವಾಲಯದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಆ ಪದವಿ ಕೊಟ್ಟಿದ್ದರು.

ವರ್ಷ ಕಳೆಯುವುದರೊಳಗೆ ಸದಸ್ಯರು ನೂರರ ಹತ್ತಿರ ಬಂದರು. ಒಂದೇ ಕೋಣೆಯಲ್ಲಿ ಇಷ್ಟು ಜನ ಕೂತು ಮನೆ ಮನೆಯ ಕಷ್ಟ ಮಾತಾಡುವುದಾದರೂ ಹೇಗೆ? ಒಡೆದು ಬೇರೆ ಬೇರೆ ಘಟಕ ಮಾಡೋಣ ಎಂದ ಓಝನಾಮ್. ದೊಡ್ಡ ಜಗಳವೇ ಆಯಿತು. ನಾವು ಸ್ನೇಹಿತರು, ಬೇರೆಯಾಗುವುದಿಲ್ಲ ಎಂದು ಹಲವರು ಹಟ ಹಿಡಿದರು. ಕೊನೆಗೆ 1835ರಲ್ಲಿ ಒಡೆದರು, ಇಗರ್ಜಿಗೊಂದರಂತೆ. ಸಭೆಯನ್ನು ಉಳಿಸಿದ್ದೇ ಆ ಜಗಳ ಎಂದು ನನಗೆ ತೋರುತ್ತದೆ. ಅವತ್ತು ಸ್ನೇಹಿತರ ಕೂಟವಾಗಿಯೇ ಉಳಿದಿದ್ದರೆ ಆ ಸ್ನೇಹಿತರ ಜೊತೆಗೇ ಸಾಯುತ್ತಿತ್ತು. ಇಗರ್ಜಿಗೆ ಅಂಟಿಕೊಂಡದ್ದರಿಂದ ಅದಕ್ಕೆ ಒಂದು ಗಡಿ ಸಿಕ್ಕಿತು: ಈ ಬೀದಿಯಿಂದ ಆ ಹೊಳೆಯ ತನಕ ನಮ್ಮ ಹೊಣೆ. ನಡೆದು ಹೋಗುವಷ್ಟು ದೂರ, ಹೆಸರು ಹಿಡಿದು ಕರೆಯುವಷ್ಟು ಜನ.

ಅಲ್ಲಿಂದ ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. 1844ರಲ್ಲಿ ಐರ್ಲೆಂಡ್, ಇಂಗ್ಲೆಂಡ್, ಮರುವರ್ಷ ಅಮೆರಿಕ. ಐರ್ಲೆಂಡಿಗೆ ಕಾಲಿಟ್ಟ ಮರುವರ್ಷವೇ ಅಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಘೋರ ಕ್ಷಾಮ ಬಂತು. ಇನ್ನೂ ಎಳೆಯ ಘಟಕಗಳು ಆ ಬೆಂಕಿಯಲ್ಲೇ ಕೆಲಸ ಕಲಿತವು. ಮುಂದೆ ಸಭೆ ಭಾರತಕ್ಕೂ ಬಂತು. ಓಝನಾಮ್ ಸೊರ್ಬೊನ್ ವಿಶ್ವವಿದ್ಯಾಲಯದಲ್ಲಿ ವಿದೇಶಿ ಸಾಹಿತ್ಯದ ಪ್ರಾಧ್ಯಾಪಕನಾಗಿ, ಡಾಂಟೆಯ ಮೇಲೆ ದೊಡ್ಡ ವಿದ್ವಾಂಸನೆಂದು ಹೆಸರು ಮಾಡಿ, 1853ರಲ್ಲಿ ನಲವತ್ತನೇ ವಯಸ್ಸಿಗೇ ತೀರಿಕೊಂಡ. 1861ರಲ್ಲಿ ಮೂರನೇ ನೆಪೋಲಿಯನ್‌ನ ಸರ್ಕಾರ ಈ ಜನರ ಮೇಲೆ ಅನುಮಾನಪಟ್ಟು ಪ್ಯಾರಿಸ್ಸಿನ ಕೇಂದ್ರ ಮಂಡಳಿಗೆ ಬಾಗಿಲು ಹಾಕಿಸಿತು. ಬಡವರ ಮನೆಗೆ ವಾರ ವಾರ ಹೋಗಿ ಕೂರುವವರನ್ನು ಕಂಡರೆ ಆಳುವವರಿಗೆ ಒಂದು ಬಗೆಯ ಅಳುಕು, ಎಲ್ಲ ಕಾಲದಲ್ಲೂ.

ಈಗ ನಮ್ಮ ಕರಾವಳಿಗೆ ಬನ್ನಿ. ಇಲ್ಲಿನ ಇಗರ್ಜಿಗಳಲ್ಲಿ ವಾಳೆಗಳೆಂಬ ವಿಭಾಗ ಇದೆ, ಒಂದೊಂದು ವಾಳೆಗೆ ಒಬ್ಬ ಗುರಿಕಾರ, ಮೇಲೆ ಪಾಲನಾ ಮಂಡಳಿ. ಇವುಗಳ ಪಕ್ಕದಲ್ಲೇ ಸದ್ದಿಲ್ಲದೆ ವಿನ್ಸೆಂಟ್ ದಿ ಪಾವ್ಲ್ ಸಭೆಯ ಘಟಕ ಇರುತ್ತದೆ. ಭಾನುವಾರ ಮೊದಲ ಪೂಜೆ ಮುಗಿದು ಜನ ಅಂಗಳದಲ್ಲಿ ಮಾತಾಡುತ್ತ ನಿಂತಿರುವಾಗ ಹತ್ತು ಹನ್ನೆರಡು ಮಂದಿ ಮೆಲ್ಲಗೆ ಹಿಂದಿನ ಕೋಣೆಗೆ ಸರಿಯುತ್ತಾರೆ. ಅಂಥ ಒಂದು ಸಭೆಯಲ್ಲಿ ಮೂಲೆಯಲ್ಲಿ ಕೂರಲು ನನಗೆ ಅವಕಾಶ ಸಿಕ್ಕಿತ್ತು. ಪ್ರಾರ್ಥನೆ, ಹಿಂದಿನ ಸಭೆಯ ವರದಿ, ಆಮೇಲೆ ಖಜಾಂಚಿಯ ಲೆಕ್ಕ. ಖಜಾಂಚಿ ನಿವೃತ್ತ ಬ್ಯಾಂಕ್ ನೌಕರರು. ಇಷ್ಟೊಂದು ಬ್ಯಾಂಕುಗಳನ್ನು ಹೆತ್ತ ಜಿಲ್ಲೆಯಲ್ಲಿ ಬೇರೆ ಯಾರು ಸಿಕ್ಕಾರು? ಕಂಬಳಿಗೆ ಇಷ್ಟು, ಒಂದು ಮಗುವಿನ ಕನ್ನಡಕಕ್ಕೆ ಇಷ್ಟು, ಕೈಯಲ್ಲಿ ಉಳಿಕೆ ಇಷ್ಟು ಎಂದು ಪೈಸೆ ಬಿಡದೆ ಓದಿದರು. ಫಾದರ್ ಕೂಡ ಬಂದಿದ್ದರು, ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅವರು ಆಧ್ಯಾತ್ಮಿಕ ಸಲಹೆಗಾರರು, ಅಷ್ಟೇ. ಅಧ್ಯಕ್ಷತೆ ಒಬ್ಬ ಶಿಕ್ಷಕಿಯದ್ದು. ಈ ಸಭೆಯಲ್ಲಿ ಹೆಂಗಸರಿಗೆ ಪೂರ್ಣ ಸದಸ್ಯತ್ವ ಸಿಕ್ಕಿದ್ದು 1967ರಲ್ಲಿ ಎಂದರೆ ನಂಬುತ್ತೀರಾ? ಶಾತಿಯೋಂನಲ್ಲಿ ಊಟ ಹೊತ್ತವರೆಲ್ಲ ಹೆಂಗಸರೇ, ದಾರಿ ತೋರಿಸಿದ್ದು ರೊಸಾಲಿ. ಆದರೂ ಒಳಗೆ ಬರಲು ಅವರು ನೂರಮೂವತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ನಾನು ಕಂಡ ಆ ಕೋಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ ಇದ್ದರು.

ಕೊನೆಯಲ್ಲಿ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಹೋಯಿತು. ಅದು ಗುಪ್ತ ಕಾಣಿಕೆಯ ಚೀಲ, ಓಝನಾಮನ ಕಾಲದಿಂದ ಬಂದ ಪದ್ಧತಿ. ಎಲ್ಲರೂ ಮುಷ್ಟಿ ಮುಚ್ಚಿ ಕೈಯನ್ನು ಒಳಗೆ ಇಳಿಸಿ ತೆಗೆಯುತ್ತಾರೆ. ಯಾರು ಐನೂರರ ನೋಟು ಹಾಕಿದರು, ಯಾರು ಹತ್ತು ರೂಪಾಯಿ, ಯಾರ ಮುಷ್ಟಿಯಲ್ಲಿ ಏನೂ ಇರಲಿಲ್ಲ, ಯಾರಿಗೂ ತಿಳಿಯದು. ತಿಂಗಳ ಕೊನೆಯಲ್ಲಿ ಕೈ ಖಾಲಿಯಾದ ಸದಸ್ಯನೂ ತಲೆ ಎತ್ತಿ ಕೂರಬಹುದು. ಟ್ಯೂಬ್‌ಲೈಟ್ ಕೊಟ್ಟರೆ ಅದರ ಮೇಲೆಲ್ಲ ಹೆಸರು ಬರೆಸಿ ಬೆಳಕನ್ನೇ ಮುಚ್ಚುವ ದಾನಿಗಳ ನಾಡಿನಲ್ಲಿ ಈ ಚೀಲ ನನಗೆ ತುಂಬ ಹಿಡಿಸಿತು. ಇನ್ನೊಂದು ಕಟ್ಟಳೆ ಇದೆ: ದುಡ್ಡನ್ನು ಕೂಡಿಡಬಾರದು. ಬಂದ ದುಡ್ಡು ಬಡವರದ್ದು, ಅದನ್ನು ಠೇವಣಿ ಇಟ್ಟು ಬಡ್ಡಿ ಎಣಿಸುವುದು ತರವಲ್ಲ. ನಿವೃತ್ತ ಬ್ಯಾಂಕ್ ನೌಕರರೊಬ್ಬರಿಗೆ ಇದನ್ನು ಪಾಲಿಸುವುದು ಎಷ್ಟು ಸಂಕಟ ಎಂದು ಯೋಚಿಸಿ ನಗು ಬಂತು.

ಇನ್ನು ಮನೆ ಭೇಟಿ. ಈ ಸಭೆಯ ಜೀವ ಇರುವುದೇ ಅಲ್ಲಿ. ಸಾಮಾನ್ಯವಾಗಿ ಇಬ್ಬಿಬ್ಬರು ಜೊತೆಯಾಗಿ ಹೋಗಬೇಕು ಎಂಬುದು ಕ್ರಮ. ಒಬ್ಬರೇ ಹೋದರೆ ಪಕ್ಷಪಾತಕ್ಕೆ, ಮಾತಿಗೆ, ಅನುಮಾನಕ್ಕೆ ಎಡೆ. ಮೂವರು ಹೋದರೆ ಸಣ್ಣ ಮನೆಯಲ್ಲಿ ಕೂರಲು ಜಾಗ ಎಲ್ಲಿ? ನಾನೂ ಒಮ್ಮೆ ಹಾಗೆ ಹೊರಟ ಇಬ್ಬರ ಹಿಂದೆ ಹೋಗಿದ್ದೆ, ಮೂರನೆಯವನಾಗಿ. ಒಳದಾರಿ, ಏರು, ಕೆಂಪುಕಲ್ಲಿನ ಮೆಟ್ಟಿಲು, ಅರ್ಧಕ್ಕೆ ನಿಂತ ಗೋಡೆಯ ಮೇಲೆ ಹೊದಿಸಿದ ನೀಲಿ ಟರ್ಪಾಲು. ಜಗಲಿಯಲ್ಲಿ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಹೆಂಗಸು ಕೈ ನಿಲ್ಲಿಸದೆಯೇ ತುಳುವಿನಲ್ಲಿ ಸ್ವಾಗತಿಸಿದರು, "ಬಲೆ ಬಾಯಮ್ಮ, ಬಲೆ ಪೊರ್ಬುಲೆ, ಕುಲ್ಲುಲೆ." ಈ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ, ಗಂಡಸರನ್ನು ಪೊರ್ಬು ಎಂದು ಕರೆಯುವುದು ವಾಡಿಕೆ. ಮನೆಯವರು ಕ್ರೈಸ್ತರಲ್ಲ. ಗೋಡೆಯ ಮೇಲೆ ಕಟೀಲು ದೇವಿಯ ಕ್ಯಾಲೆಂಡರ್ ಇತ್ತು. ಯಾರೂ ಆ ಬಗ್ಗೆ ಮಾತೆತ್ತಲಿಲ್ಲ, ಎತ್ತಬೇಕಾದ ಅಗತ್ಯವೂ ಇರಲಿಲ್ಲ. ಯಾವ ಧರ್ಮದವರು ಎಂದು ನೋಡಿ ನೆರವು ಕೊಡುವುದು ಸಭೆಯ ನಿಯಮಕ್ಕೇ ವಿರುದ್ಧ.

ಬಾಯಮ್ಮನವರು ಅಕ್ಕಿಯ ಚೀಲ ಕೆಳಗಿಟ್ಟರು. ಹೆಂಗಸು ಅದನ್ನು ನೋಡಿ ಸಂಕೋಚದಿಂದ ಹೇಳಿದರು, ಅಕ್ಕಿ ರೇಷನ್ನಿನಲ್ಲಿ ಬರುತ್ತದೆ ಬಾಯಮ್ಮ, ಅದಕ್ಕೆ ತೊಂದರೆ ಇಲ್ಲ. ಮತ್ತೆ ಯಾವುದಕ್ಕೆ ತೊಂದರೆ? ತಕ್ಷಣ ಉತ್ತರ ಬರಲಿಲ್ಲ. ಮಗಳ ಶಾಲೆಯ ಮಾತು ಬಂತು, ಆ ವರ್ಷದ ಮಳೆಯ ಮಾತು ಬಂತು, ಬೀಡಿ ಎಲೆ ಸಣ್ಣದಾಗಿ ಬರುತ್ತಿದೆ ಎಂಬ ದೂರು ಬಂತು. ಅರ್ಧ ಗಂಟೆ ಕಳೆದ ಮೇಲೆ, ನಾವು ಏಳುವ ಹೊತ್ತಿಗೆ, ನಿಜವಾದ ಸಂಗತಿ ಹೊರಗೆ ಬಂತು. ಒಳಗೆ ಮಲಗಿದ್ದ ಗಂಡನಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅದು ಉಚಿತ. ಆದರೆ ಆ ಮನುಷ್ಯ ಏರು ಇಳಿದು ಬಸ್ ಸ್ಟ್ಯಾಂಡಿನವರೆಗೆ ನಡೆಯಲಾರ, ರಿಕ್ಷಾ ಬೇಕು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ ನಿಜ, ಆದರೆ ಆ ದಾರಿಯಲ್ಲಿ ಓಡುವುದೆಲ್ಲ ಖಾಸಗಿ ಸಿಟಿ ಬಸ್ಸು. ವಾರವಿಡೀ ಕಟ್ಟಿದ ಬೀಡಿಯ ಮಜೂರಿ ರಿಕ್ಷಾ ಬಾಡಿಗೆಗೇ ಹೋಗುತ್ತಿತ್ತು. ಕಳೆದ ತಿಂಗಳು ಎರಡು ಸಲ ಡಯಾಲಿಸಿಸ್ ತಪ್ಪಿಸಿದ್ದರು, ಕಾಸಿಲ್ಲದೆ.

ಕಚೇರಿಯಲ್ಲಿ ಕೂತು ಅರ್ಜಿ ನಮೂನೆ ತುಂಬಿಸಿಕೊಂಡಿದ್ದರೆ ಇದು ತಿಳಿಯುತ್ತಿತ್ತೇ? ಪಡಿತರ ಚೀಟಿ ಇದೆಯೇ, ಇದೆ. ಚಿಕಿತ್ಸೆ ಸಿಗುತ್ತಿದೆಯೇ, ಉಚಿತ. ಕಾಗದದ ಮೇಲೆ ಆ ಮನೆಗೆ ಯಾವ ಕೊರತೆಯೂ ಇಲ್ಲ. ಮರುವಾರದ ಸಭೆಯಲ್ಲಿ ಆ ಇಬ್ಬರು ವಿಷಯ ಇಟ್ಟರು. ಇಗರ್ಜಿಗೆ ಬರುವ ಒಬ್ಬ ರಿಕ್ಷಾ ಚಾಲಕರನ್ನು ಗೊತ್ತು ಮಾಡಿದರು. ಅವರು ಪೆಟ್ರೋಲಿನ ಖರ್ಚು ಮಾತ್ರ ತೆಗೆದುಕೊಳ್ಳಲು ಒಪ್ಪಿದರು, ಅದನ್ನು ಚೀಲದ ದುಡ್ಡಿನಿಂದ ಕೊಡುವುದೆಂದಾಯಿತು. ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಬಹುದೇ ಎಂದು ನಾಡಕಚೇರಿಯಲ್ಲಿ ವಿಚಾರಿಸುವ ಕೆಲಸ ಶಿಕ್ಷಕಿಯ ಪಾಲಿಗೆ ಬಂತು. ಅಕ್ಕಿಯ ಚೀಲ? ಅದನ್ನು ಆ ಹೆಂಗಸೇ ಪಕ್ಕದ ಮನೆಯ ಅಜ್ಜಿಗೆ ಕೊಡಿ ಎಂದು ಅವತ್ತೇ ಹೇಳಿದ್ದರು. ಹಾಗೆ ಒಂದು ಹೊಸ ಮನೆಯ ಹೆಸರೂ ಪುಸ್ತಕಕ್ಕೆ ಸೇರಿತು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಚೀಟಿ, ಚೀಲ, ರಿಕ್ಷಾ ಬಾಡಿಗೆ, ಇದರಿಂದ ಬಡತನ ಹೋಗುತ್ತದೆಯೇ? ಬಡವರನ್ನು ಅವರು ಇದ್ದಲ್ಲೇ ಇರಿಸಿ, ಉಳ್ಳವರ ಮನಸ್ಸನ್ನು ಹಗುರ ಮಾಡುವ ಉಪಾಯ ಅಲ್ಲವೇ ಇದು? 1833ರಲ್ಲೇ ಸಮಾಜವಾದಿ ಗೆಳೆಯರು ಇದನ್ನು ಕೇಳಿದ್ದರು. ಓಝನಾಮ್ ಈ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ ಎಂಬ ಕಾರಣಕ್ಕೇ ಅವನ ಮೇಲೆ ನನಗೆ ಗೌರವ. ಲಿಯೋಂನಲ್ಲಿ ವಾಣಿಜ್ಯ ಕಾನೂನು ಪಾಠ ಮಾಡುವಾಗ ಅವನು ಕೂಲಿಯ ದರ, ದುಡಿಯುವವನ ಹಕ್ಕು ಇವನ್ನೆಲ್ಲ ಎತ್ತಿದ್ದ, ಅದೂ ಪೋಪ್ ಹದಿಮೂರನೇ ಲಿಯೋ 1891ರಲ್ಲಿ ಕಾರ್ಮಿಕರ ಬಗ್ಗೆ ಪ್ರಸಿದ್ಧ ಪತ್ರ ಹೊರಡಿಸುವುದಕ್ಕೆ ಐವತ್ತು ವರ್ಷ ಮೊದಲು. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನ ಗಾಯಕ್ಕೆ ಎಣ್ಣೆ ಹಚ್ಚುವುದು ದಾನಧರ್ಮದ ಕೆಲಸ, ಪೆಟ್ಟೇ ಬೀಳದಂತೆ ನೋಡಿಕೊಳ್ಳುವುದು ನ್ಯಾಯದ ಕೆಲಸ, ಎರಡೂ ಬೇಕು ಎಂಬುದು ಅವನ ನಿಲುವು. 1848ರ ಜೂನಿನಲ್ಲಿ ಪ್ಯಾರಿಸ್ಸಿನ ಕೂಲಿಕಾರರು ದಂಗೆ ಎದ್ದು ಬೀದಿಗಳಿಗೆ ಅಡ್ಡಗಟ್ಟೆ ಹಾಕಿದಾಗ, ನೀವೇ ನಡುವೆ ನಿಂತು ಸಂಧಾನ ಮಾಡಿ ಎಂದು ಮಹಾಧರ್ಮಾಧ್ಯಕ್ಷ ಆಫ್ರ್ ಅವರನ್ನು ಕೇಳಿಕೊಂಡವರಲ್ಲಿ ಓಝನಾಮ್ ಒಬ್ಬ. ಅವರು ಹೋದರು, ಗುಂಡು ತಾಗಿ ತೀರಿಕೊಂಡರು. ಆ ಭಾರ ಓಝನಾಮನನ್ನು ಕೊನೆಯವರೆಗೂ ಬಿಟ್ಟಿರಲಾರದು.

ನನ್ನ ಅಭಿಪ್ರಾಯ ಕೇಳಿದರೆ, ಇಂದಿನ ಘಟಕಗಳು ಈ ಎರಡನೆಯ ಭಾಗದಲ್ಲಿ ಸ್ವಲ್ಪ ಹಿಂದೆ. ರಿಕ್ಷಾ ಬಾಡಿಗೆ ಕೊಡುತ್ತಾರೆ, ಆ ಏರಿಗೆ ಒಂದು ಸರ್ಕಾರಿ ಬಸ್ಸು ಬೇಕು ಎಂದು ಮನವಿ ಹಿಡಿದು ಹೋಗುವುದು ಕಡಿಮೆ. ಹಬ್ಬದ ದಿನ ಕಿಟ್ ಹಂಚುವುದು, ಹಂಚುವಾಗ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವುದು ಅಲ್ಲಲ್ಲಿ ಶುರುವಾಗಿದೆ. ಯಾರು ಎಷ್ಟು ಹಾಕಿದರು ಎಂಬುದನ್ನು ಮುಚ್ಚಿಡಲು ಚೀಲ ಮಾಡಿದವರು, ಯಾರು ತೆಗೆದುಕೊಂಡರು ಎಂಬುದನ್ನು ಪತ್ರಿಕೆಗೆ ಕಳುಹಿಸಿದರೆ ಏನು ಹೇಳಬೇಕು? ತಾಯಿಯ ಹಿಂದೆ ಅವಿತು ನಿಂತ ಶಾಲೆ ಹುಡುಗಿ ಆ ಫೋಟೋದಲ್ಲಿ ಇರುತ್ತಾಳೆ, ಮರುದಿನ ತರಗತಿಯಲ್ಲಿ ಎಲ್ಲರೂ ಅದನ್ನು ನೋಡಿರುತ್ತಾರೆ. ಇದನ್ನು ಸಭೆಯ ಹಿರಿಯರೇ ನನ್ನ ಬಳಿ ಬೇಸರದಿಂದ ಹೇಳಿಕೊಂಡದ್ದು.

ಬಡವರ ಮಾನವನ್ನು ಓಝನಾಮ್ ಹೇಗೆ ಕಾಯುತ್ತಿದ್ದ ಎಂಬುದಕ್ಕೆ ಅವನ ಬದುಕಿನ ಕೊನೆಯ ವರ್ಷಗಳ ಒಂದು ಘಟನೆಯನ್ನು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಹೊಸವರ್ಷದ ದಿನ. ಅವನು ಭೇಟಿ ಕೊಡುತ್ತಿದ್ದ ಒಂದು ಕುಟುಂಬ ತಮ್ಮ ಮನೆಯ ಖಾನೆಗಳ ಮರದ ಪೆಟ್ಟಿಗೆಯನ್ನು ಗಿರವಿ ಇಟ್ಟಿತ್ತು, ಒಳ್ಳೆಯ ದಿನಗಳ ನೆನಪಾಗಿ ಅವರಲ್ಲಿ ಉಳಿದಿದ್ದ ಕೊನೆಯ ಸಾಮಾನು ಅದು. ಬಿಡಿಸಿಕೊಡುತ್ತೇನೆ ಎಂದ ಓಝನಾಮ್. ಹೆಂಡತಿ ಅಮೆಲಿ, ಈಗ ಬೇಡ, ಅದಕ್ಕಿಂತ ಜರೂರಿನದು ಬೇರೆ ಇದೆ ಎಂದರು. ಸುಮ್ಮನಾದ. ಸಂಜೆ ಮಗಳಿಗೆ ಬಂದ ಆಟಿಕೆ, ಮಿಠಾಯಿ ಎಲ್ಲ ಮನೆ ತುಂಬ ಹರಡಿದ್ದವು. ಅವನು ಒಂದನ್ನೂ ಮುಟ್ಟದೆ ಮಂಕಾಗಿ ಕೂತಿದ್ದ. ಕೊನೆಗೆ ಅಮೆಲಿಯೇ, ಹೋಗಿ ಬಿಡಿಸಿಕೊಟ್ಟು ಬನ್ನಿ ಎಂದರಂತೆ. ಆ ರಾತ್ರಿ ಪೆಟ್ಟಿಗೆ ಮನೆ ಸೇರಿತು, ಇವನ ಮುಖದಲ್ಲಿ ಕಳೆ ಬಂತು. ಜರೂರು ಯಾವುದು ಎಂಬ ವಿಚಾರದಲ್ಲಿ ಅಮೆಲಿ ಹೇಳಿದ್ದೂ ತಪ್ಪಲ್ಲ. ಆದರೆ ಆ ಮನೆಗೆ ಹೋಗಿ ಕೂತು ಬಂದವನು ಅವನು, ಗೋಡೆಯ ಪಕ್ಕ ಖಾಲಿಯಾದ ಜಾಗವನ್ನು ನೋಡಿದವನು.

ಕರಾವಳಿಯ ಘಟಕಗಳ ಈಗಿನ ಕಷ್ಟ ದುಡ್ಡಿನದ್ದಲ್ಲ. ದುಬೈನಲ್ಲಿ, ಕುವೈತಿನಲ್ಲಿ, ಬೆಂಗಳೂರಿನಲ್ಲಿ ಇರುವ ಮಕ್ಕಳು ಅಪ್ಪನ ಪುಣ್ಯತಿಥಿಗೆ, ಮಗುವಿನ ಹುಟ್ಟುಹಬ್ಬಕ್ಕೆ ಫೋನಿನಲ್ಲೇ ಹಣ ಹಾಕುತ್ತಾರೆ. ಕೊರತೆ ಇರುವುದು ಏರು ಹತ್ತುವ ಕಾಲುಗಳಿಗೆ. ಸದಸ್ಯರಲ್ಲಿ ಹೆಚ್ಚಿನವರು ಅರುವತ್ತು ದಾಟಿದವರು, ಮಂಡಿನೋವಿನವರು. ತಾವು ಭೇಟಿಗೆ ಹೋಗುವ ಮನೆಯ ಅಜ್ಜನಿಗಿಂತ ತಾವೇ ದೊಡ್ಡವರು ಎಂದು ಒಬ್ಬರು ನಕ್ಕರು. ಕೆಲವು ಕಡೆ ಕಾಲೇಜು ಮಕ್ಕಳನ್ನು ಶನಿವಾರ ಸಂಜೆ ಹಿರಿಯರ ಜೊತೆ ಕಳುಹಿಸುವ ಏರ್ಪಾಡು ಮಾಡಿದ್ದಾರೆ. ಮಕ್ಕಳು ಮೊದಲ ದಿನ ಫೋನು ನೋಡುತ್ತ ಕೂರುತ್ತಾರಂತೆ, ನಾಲ್ಕನೇ ಭೇಟಿಯ ಹೊತ್ತಿಗೆ ಆ ಮನೆಯ ಮಗುವಿಗೆ ಲೆಕ್ಕ ಹೇಳಿಕೊಡುತ್ತಿರುತ್ತಾರಂತೆ. ಮೂಲದಲ್ಲಿ ಇದು ಇಪ್ಪತ್ತರ ಹುಡುಗರು ಕಟ್ಟಿದ ಸಭೆ ಎಂಬುದನ್ನು ಅವರಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ.

ನಿಮ್ಮ ಕೇರಿಯಲ್ಲಿ ಬಾಗಿಲು ತೆರೆಯದ ಮನೆ, ಮದ್ದು ತರಿಸಿಕೊಳ್ಳಲು ಜನ ಇಲ್ಲದ ಅಜ್ಜಿ, ಶಾಲೆ ಬಿಟ್ಟ ಮಗು ಇದ್ದರೆ ಹತ್ತಿರದ ಇಗರ್ಜಿಯ ಕಚೇರಿಯಲ್ಲಿ ಒಂದು ಮಾತು ಹೇಳಿ ಬನ್ನಿ. ಹೇಳುವವರು ಕ್ರೈಸ್ತರೇ ಆಗಬೇಕೆಂದಿಲ್ಲ, ಆ ಮನೆಯವರೂ ಆಗಬೇಕೆಂದಿಲ್ಲ. ಯಾವ ವಾರ ಎಂದು ಹೇಳಲಾರೆ, ಆದರೆ ಒಂದು ಸಂಜೆ ಇಬ್ಬರು ಹುಡುಕಿಕೊಂಡು ಬರುತ್ತಾರೆ. ದಾರಿ ಯಾವುದು, ನಾಯಿ ಕಟ್ಟಿ ಹಾಕಿದೆಯೇ ಎಂದಷ್ಟೇ ನಿಮ್ಮನ್ನು ಕೇಳಿಯಾರು.